ಸಾಕ್ಷಿ ಹೇಳೋಕೂ ದನಿ ತಗ್ಗಿಸಬೇಕು



ಶಿರಸಿ, ಸಿದ್ದಾಪುರ, ಯಲ್ಲಾಪುರದ ಪ್ರಾರ್ಥನೆ ಕೂಟಗಳಲ್ಲಿ 'ಸಾಕ್ಷಿ ಹೇಳೋದು' ಅಂತಿದೆ. ದೇವರು ತನ್ನ ಬದುಕಲ್ಲಿ ಏನು ಮಾಡಿದ ಅಂತ ನಾಲ್ಕು ಜನರ ಮುಂದೆ ಹೇಳೋದು, ಅಷ್ಟೇ. ನಾನು ಬಾಬಾಸಾಹೇಬರ ದಾರಿಯವನು, ಚರ್ಚಿನವನಲ್ಲ. ಆದರೂ ಸಿದ್ದಾಪುರದ ಕಡೆಯ ನಮ್ಮ ಅಕ್ಕ ಒಬ್ಬರು ಹೇಳಿದ್ದು ಮರೆಯೋಕಾಗ್ತಿಲ್ಲ. ಪವಾಡದ ಕತೆ ಅಲ್ಲ ಅದು. "ಅಡಿಕೆ ತೋಟದ ಕೆಲಸಕ್ಕೆ ಹೋದ್ರೆ ಗರಟೆಯಲ್ಲಿ ಚಾ ಕೊಡ್ತಿದ್ರು. ಇಲ್ಲಿ ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದ್ರು, ಪಕ್ಕದಲ್ಲಿ ಕೂತು ಉಂಡ್ರು. ನಂಗೆ ಯೇಸು ಅಂದ್ರೆ ಅದೇಯ" ಅಂದ್ರು. ಹೇಳುವಾಗ ದನಿ ತಗ್ಗಿಸಿದ್ರು. ಮಗನ ಜಾತಿ ಸರ್ಟಿಫಿಕೇಟಿನ ಭಯ.

ಭಯ ಸುಳ್ಳಲ್ಲ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿ ಅಂದ್ರೆ ಹಿಂದೂಗಳು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಿಲ್ಲ, ಮುಸ್ಲಿಮರಿಲ್ಲ. ಯಲ್ಲಾಪುರದ ಸಿದ್ದಿಗಳನ್ನ ನೋಡಿ: 2003ರಿಂದ ಪರಿಶಿಷ್ಟ ಪಂಗಡ. ಅವರಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂವರೂ ಇದ್ದಾರೆ. ದೇವರು ಬದಲಾದ್ರೂ ಪಂಗಡ ಹೋಗಲ್ಲ, ಅದೇ ಸರಿ. ನಮ್ಮದು ಮಾತ್ರ ಹೋಗುತ್ತೆ. ಗರಟೆ ಹೋಗುತ್ತಾ?

ಇದರ ಮೇಲೆ 2022ರ ಮತಾಂತರ ಕಾಯ್ದೆ. ಅದರಲ್ಲಿ ಹೆಚ್ಚಿನ ಶಿಕ್ಷೆಗೆ ಅಂತ ಒಂದೇ ಸಾಲಲ್ಲಿ ಕೂರಿಸಿದ್ದು ಯಾರನ್ನ? ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ನಾವು. ರಕ್ಷಣೆಯಂತೆ! ಸಂವಿಧಾನದ 25ನೇ ವಿಧಿ ನಂಬೋ ಹಕ್ಕಿನ ಜೊತೆ ಸಾರೋ ಹಕ್ಕನ್ನೂ ಕೊಟ್ಟಿದೆ. ಅಕ್ಕನಿಗೂ ಕೊಟ್ಟಿದೆ.

ಮತಾಂತರಗೊಂಡ ದಲಿತರ ವಿಚಾರ ನೋಡೋಕಂತಲೇ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಬಂತು. ಆಗ ಅಕ್ಕನ ಮಗ ಹೈಸ್ಕೂಲು. ಈಗ ಪಿಯುಸಿ ಮುಗಿದು, ಡಿಗ್ರಿ ಅರ್ಜಿಗೆ ಮತ್ತೆ ಅದೇ ಸರ್ಟಿಫಿಕೇಟ್ ಕೇಳಿದ್ದಾರೆ.