ಹೊಲದಲ್ಲಿ ಹುಟ್ಟಿದ ಪರ್ವತ

ಪರ್ವತಕ್ಕೆ ಅಚಲವೆಂಬ ಇನ್ನೊಂದು ಹೆಸರುಂಟು. ಕದಲದೆ ನಿಂತದ್ದು, ಎಂದಿನಿಂದಲೋ ಇದ್ದದ್ದು ಎಂಬುದು ಅದರ ಭಾವ. ಹಿಮಾಲಯ ಹುಟ್ಟಿದ್ದನ್ನು ಕಂಡ ಮನುಷ್ಯನಿಲ್ಲ. ಆದರೆ ಒಂದು ಪರ್ವತದ ಹುಟ್ಟನ್ನು ಒಬ್ಬ ರೈತನು ಕಣ್ಣಾರೆ ಕಂಡನು. ಅದೂ ತನ್ನ ಹೊಲದಲ್ಲಿಯೇ.

1943ರ ಫೆಬ್ರವರಿ 20. ಮೆಕ್ಸಿಕೋ ದೇಶದ ಮಿಚೊಆಕಾನ್ ಪ್ರಾಂತ್ಯದಲ್ಲಿ, ಪರಿಕುಟಿನ್ ಎಂಬ ಹಳ್ಳಿಯ ಬಳಿ, ದಿಯೊನಿಸಿಯೊ ಪುಲಿದೊ ಎಂಬ ರೈತನು ಮುಸುಕಿನ ಜೋಳದ ಬಿತ್ತನೆಗಾಗಿ ಹೊಲವನ್ನು ಅಣಿಗೊಳಿಸುತ್ತಿದ್ದನು. ಕೆಲವು ವಾರಗಳಿಂದ ಆ ಸೀಮೆಯ ನೆಲ ಆಗಾಗ ನಡುಗುತ್ತಿತ್ತು. ಅಂದು ಮಧ್ಯಾಹ್ನ ಹೊಲದಲ್ಲಿ ಬಿರುಕೊಂದು ಬಾಯ್ದೆರೆಯಿತು, ನೆಲ ಉಬ್ಬಿತು, ಗುಡುಗಿನಂಥ ಸದ್ದಿನೊಡನೆ ಹೊಗೆಯೂ ಬೂದಿಯೂ ಗಂಧಕದ ವಾಸನೆಯೂ ಹೊರಹೊಮ್ಮಿದವು. ಮರುದಿನ ಅಲ್ಲಿ ದಿಬ್ಬವೊಂದು ನಿಂತಿತ್ತು. ವಾರ ಕಳೆಯುವಷ್ಟರಲ್ಲಿ ಅದು 100 ಮೀಟರಿಗೂ ಮಿಗಿಲಾಗಿ ಬೆಳೆಯಿತು. ವರ್ಷ ತುಂಬುವಾಗ ಅದರ ಎತ್ತರ 336 ಮೀಟರ್.

ಇಷ್ಟೊಂದು ಕಲ್ಲು ಎಲ್ಲಿಂದ ಬಂದಿತು? ಪೆಸಿಫಿಕ್ ಸಾಗರದ ತಳದಲ್ಲಿರುವ ಕೋಕೋಸ್ ಎಂಬ ಭೂಫಲಕವು ಮೆಕ್ಸಿಕೋದ ಅಡಿಗೆ ಮೆಲ್ಲಮೆಲ್ಲನೆ ಜಾರುತ್ತಿದೆ. ಆಳಕ್ಕಿಳಿದಂತೆ ಅದರೊಳಗಿನ ನೀರು ಬೇರ್ಪಟ್ಟು ಮೇಲಣ ಬಿಸಿ ಶಿಲೆಯನ್ನು ಸೇರುತ್ತದೆ. ನೀರು ಬೆರೆತ ಶಿಲೆ ಕಡಿಮೆ ಶಾಖದಲ್ಲಿಯೇ ಕರಗುತ್ತದೆ. ಹೀಗಾದ ಶಿಲಾರಸವು ಸುತ್ತಣ ಶಿಲೆಗಿಂತ ಹಗುರವಾದುದರಿಂದ ಮೇಲೇರುತ್ತದೆ. ಆಗ ಒತ್ತಡ ತಗ್ಗಿ, ಅದರಲ್ಲಿ ಅಡಗಿದ್ದ ಅನಿಲಗಳು ಗೋಲಿ ಸೋಡಾ ಒಡೆದಾಗಿನಂತೆ ಬುಸುಗುಟ್ಟಿ ಹಿಗ್ಗುತ್ತವೆ. ಆ ರಭಸಕ್ಕೆ ಶಿಲಾರಸವು ಚೂರುಚೂರಾಗಿ ಚಿಮ್ಮಿ, ತಣಿದು, ಬಾಯಿಯ ಸುತ್ತಲೂ ಬೀಳುತ್ತದೆ. ಕಣದಲ್ಲಿ ಸುರಿದ ಕಾಳು ಇಳಿಜಾರಾದ ರಾಶಿಯಾಗಿ ನಿಲ್ಲುವಂತೆ ಈ ಚೂರುಗಳೂ ಶಂಕುವಿನ ಆಕಾರದಲ್ಲಿ ನಿಲ್ಲುತ್ತವೆ. ಹಿಮಾಲಯವು ನೆಲ ಮಡಿಸಿ ಎದ್ದ ಪರ್ವತ. ಇದು ತಾನು ಉಗುಳಿದ್ದನ್ನೇ ಪೇರಿಸಿಕೊಂಡು ಬೆಳೆದ ಪರ್ವತ.

ಶಂಕುವಿನ ಬುಡದಿಂದ ಹೊರಟ ಲಾವಾರಸವು ಪರಿಕುಟಿನ್ ಹಳ್ಳಿಯನ್ನೂ ಸಾನ್ ಹುವಾನ್ ಪರಂಗರಿಕುಟಿರೊ ಎಂಬ ಊರನ್ನೂ ಮುಚ್ಚಿತು. ಅದು ನಿಧಾನವಾಗಿ ಹರಿದುಬಂದುದರಿಂದ ಜನರಿಗೆ ಊರು ಬಿಡಲು ಕಾಲಾವಕಾಶ ದೊರೆಯಿತು; ಲಾವಾರಸಕ್ಕೆ ಯಾರೂ ಬಲಿಯಾಗಲಿಲ್ಲ. ಆದರೆ ಬೂದಿಯ ಮೋಡದಲ್ಲಿ ಹುಟ್ಟಿದ ಸಿಡಿಲಿಗೆ ಮೂವರು ಸತ್ತರು. 1944ರಲ್ಲಿ ಸಾನ್ ಹುವಾನ್ ಊರಿನವರು ತಮ್ಮ ಇಗರ್ಜಿಯ ಕ್ರಿಸ್ತನ ಮೂರ್ತಿಯನ್ನು ಹೊತ್ತು ನಡೆದುಹೋಗಿ ಹೊಸ ಊರನ್ನು ಕಟ್ಟಿಕೊಂಡರು. ಹಳೆಯ ಇಗರ್ಜಿಯ ಗೋಪುರವು ಇಂದಿಗೂ ಕಪ್ಪು ಕಲ್ಲುಗಳ ನಡುವೆ ತಲೆಯೆತ್ತಿ ನಿಂತಿದೆ.

1952ರಲ್ಲಿ ಪರ್ವತವು ಶಾಂತವಾಯಿತು. ಹೊಲದ ಮಟ್ಟದಿಂದ ಅದರ ಎತ್ತರ ಆಗ 424 ಮೀಟರ್. ಜ್ವಾಲಾಮುಖಿಯೊಂದರ ಬಾಳನ್ನು ಹುಟ್ಟಿನಿಂದ ಕೊನೆಯವರೆಗೆ ನೋಡಿ ಅರಿಯುವ ಅಪೂರ್ವ ಅವಕಾಶ ವಿಜ್ಞಾನಿಗಳಿಗೆ ಒದಗಿತು. ಪುಲಿದೊನಿಗಾದರೋ ಹೊಲವೇ ಇಲ್ಲವಾಯಿತು. ಭೂಮಿಯ ಲೆಕ್ಕದಲ್ಲಿ ಒಂಬತ್ತು ವರ್ಷವೆಂದರೆ ಕ್ಷಣಮಾತ್ರ. ರೈತನ ಲೆಕ್ಕದಲ್ಲಿ ಅದು ಬಾರದೆ ಹೋದ ಒಂಬತ್ತು ಸುಗ್ಗಿ.