ದೀಪಾವಳಿಯವರೆಗೆ ತಾಳದ ಗಣಕಯಂತ್ರ

೨೦೧೭ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಪ್ರಶ್ನಪತ್ರಿಕೆಗಳನ್ನು ಕನ್ನಡದಲ್ಲಿ ಬೆರಳಚ್ಚಿಸುವ ಹಂಬಲದಿಂದ, ನಾವು ನಾರಾಯಣಗೂಡದಿಂದ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೋದೆವು. ರಾಯಚೂರಿನ ಮನೆಗೆ ಕಳುಹಿಸದೆ ಉಳಿಸಿದ್ದ ಹಣವನ್ನು ತೆತ್ತು, ಇಂಟೆಲ್ ಏಳನೆಯ ಪೀಳಿಗೆಯ ಐ-೩ ಗಣಕಯಂತ್ರವನ್ನು ಕೊಂಡೆವು. “ದೀಪಾವಳಿಯವರೆಗೆ ತಾಳಿರಿ, ಸಾರ್” ಎಂದು ವಿದ್ಯಾರ್ಥಿಯೊಬ್ಬನು ಎಚ್ಚರಿಸಿದ್ದನು. ಗುರುಗಳಾದ ನಾವು ಶಿಷ್ಯನ ಮಾತನ್ನು ಕೇಳುವುದುಂಟೆ!

ಅಕ್ಟೋಬರಿನಲ್ಲಿ ಎಂಟನೆಯ ಪೀಳಿಗೆಯು ಬಂದಿತು. ಐ-೩ರಲ್ಲಿ ಎರಡು ಕೋರುಗಳಿದ್ದ ಕಡೆ ನಾಲ್ಕು! ಆಗ ನೊಂದದ್ದು ಸ್ವಲ್ಪವೇ. ೨೦೨೧ರಲ್ಲಿ ಬಂದ ವಿಂಡೋಸ್ ೧೧, ಎಂಟನೆಯ ಪೀಳಿಗೆಯನ್ನು ಒಳಗೆ ಕರೆದು ನಮ್ಮ ಯಂತ್ರವನ್ನು ಹೊಸ್ತಿಲಲ್ಲಿಯೇ ನಿಲ್ಲಿಸಿತು. ವಿಂಡೋಸ್ ೧೦ರ ಸಾಮಾನ್ಯ ಬೆಂಬಲವೂ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು.

ಈಗ ಅದರಲ್ಲಿ ಲಿನಕ್ಸ್ ಇದೆ. ಈ ಲೇಖನವನ್ನು ಬೆರಳಚ್ಚಿಸಿದ್ದೂ ಅದರಲ್ಲಿಯೇ. ಅದನ್ನು ಹಾಕಿಕೊಟ್ಟವನು ಅದೇ ವಿದ್ಯಾರ್ಥಿ. ದೀಪಾವಳಿಯ ಮಾತನ್ನು ಅವನು ಎತ್ತಲಿಲ್ಲ, ನಾವೂ ಎತ್ತಲಿಲ್ಲ.