ಹೆಬ್ಬಾಗಿಲಲ್ಲಿ ನಿಂತು

ಬಾಗಿಲಲ್ಲಿ ನಿಲ್ಲುವುದು ನಮ್ಮ ಕಡೆ ಒಳ್ಳೆಯ ಅಭ್ಯಾಸವಲ್ಲ. ಹೊಸ್ತಿಲು ತುಳಿದರೆ ಅಜ್ಜಿ ಗದರುತ್ತಾರೆ. ದಾರಂದಕ್ಕೆ ಒರಗಿ ಮಾತಾಡುತ್ತಿದ್ದರೆ "ಒಂದೋ ಒಳಗೆ ಬಾ, ಇಲ್ಲ ಹೊರಗೆ ಹೋಗು" ಎನ್ನುತ್ತಾರೆ. ಮುಸ್ಸಂಜೆಯಲ್ಲಂತೂ ಕೇಳುವುದೇ ಬೇಡ. ದೀಪ ಹಚ್ಚುವ ಹೊತ್ತು, ಲಕ್ಷ್ಮಿ ಬರುವ ದಾರಿಗೆ ಅಡ್ಡ ನಿಂತಂತಾಗುತ್ತದೆ. ಇಷ್ಟು ಕೇಳಿ ಬೆಳೆದರೂ ನನಗೆ ಬಾಗಿಲಲ್ಲಿ ನಿಲ್ಲುವ ಆಸೆ ಹೋಗಿಲ್ಲ. ಯಾವ ಊರಿಗೆ ಹೋದರೂ ಗುಡಿಗಿಂತ ಗುಡಿಯ ಬಾಗಿಲು, ಕೋಟೆಗಿಂತ ಕೋಟೆಯ ಬಾಗಿಲು ಮೊದಲು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಉಡುಪಿಯ ಕೃಷ್ಣಮಠದಲ್ಲೂ ಅಷ್ಟೆ. ವಿಜಯದಶಮಿಯ ದಿನ ಮಾತ್ರ ತೆರೆಯುವ ಮೂಡಣ ಬಾಗಿಲಿನ ಎದುರು, ಅದು ಮುಚ್ಚಿರುವಾಗಲೂ, ಸ್ವಲ್ಪ ಹೊತ್ತು ನಿಲ್ಲದೆ ನನಗೆ ಮುಂದೆ ಹೋಗಲಾಗುವುದಿಲ್ಲ.

ಹಾಗೆ ನಿಂತವರನ್ನು ಯಾರೂ ಗದರದ ಬಾಗಿಲೊಂದು ನಮ್ಮ ರಾಜ್ಯದಲ್ಲಿದೆ. ವಿಜಯಪುರದ ಗೋಳಗುಮ್ಮಟದ ಎದುರಿಗಿರುವ ನಗಾರಖಾನೆ. ಹೆಸರೇ ಹೇಳುವಂತೆ ನಗಾರಿ ಬಾರಿಸುವವರಿಗೆಂದು ಕಟ್ಟಿದ ದ್ವಾರ ಅದು. ಊರಬಾಗಿಲೆಂದು ಹೇಳಲು ಬರುವುದಿಲ್ಲ, ಗುಮ್ಮಟದ ಅಂಗಳಕ್ಕೆ ಹೋಗುವ ಬಾಗಿಲು. ಆದರೆ ಎಷ್ಟೋ ಊರುಗಳ ಕೋಟೆಬಾಗಿಲಿಗಿಂತ ಎತ್ತರ, ಅಗಲ, ಗಾಂಭೀರ್ಯ ಎಲ್ಲ ಹೆಚ್ಚು. 1892ರಲ್ಲಿ ಇದು ಜಿಲ್ಲೆಯ ವಸ್ತುಸಂಗ್ರಹಾಲಯವಾಯಿತು. 1982ರಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿದೆ.

ಕಾರ್ಕಳದಿಂದ ವಿಜಯಪುರಕ್ಕೆ ಹೋಗುವುದೆಂದರೆ ಕರ್ನಾಟಕವನ್ನು ಉದ್ದಕ್ಕೆ ಸೀಳಿಕೊಂಡು ಹೋದಂತೆ. ಘಟ್ಟ ಹತ್ತಿ, ರಾತ್ರಿಯೆಲ್ಲ ಬಸ್ಸಿನಲ್ಲಿ ಅರೆನಿದ್ದೆ ಮಾಡಿ ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಕೆಂಪು ಮುರಕಲ್ಲು ಹೋಗಿ ಎರೆಮಣ್ಣು ಬಂದಿರುತ್ತದೆ. ಊರಿನ ಸುತ್ತ ಸುಮಾರು ಹತ್ತು ಕಿಲೋಮೀಟರಿನ ಆದಿಲಶಾಹಿ ಕೋಟೆಗೋಡೆ. ಪಡುವಣಕ್ಕೆ ಮಕ್ಕಾ ದರವಾಜ, ಬಡಗಣಕ್ಕೆ ಬಹಮನಿ ದರವಾಜ, ತೆಂಕಣಕ್ಕೆ ಫತೇ ದರವಾಜ. 1686ರಲ್ಲಿ ಔರಂಗಜೇಬ ಊರು ಗೆದ್ದು ಒಳಗೆ ಬಂದದ್ದು ಈ ಫತೇ ದರವಾಜದಿಂದ. ಅದಕ್ಕೆ ಮುಂಚೆ ಅದು ಮಂಗೋಳಿ ಬಾಗಿಲಾಗಿತ್ತು. ಸೋತ ಊರಿನ ಬಾಗಿಲಿಗೆ ಗೆದ್ದವನು ಗೆಲುವಿನ ಹೆಸರಿಟ್ಟು ಹೋದ, ಊರಿನವರು ಇಂದಿಗೂ ಅದೇ ಹೆಸರಲ್ಲಿ ಕರೆಯುತ್ತಾರೆ. ಇದನ್ನು ನೆನೆದರೆ ನನಗೆ ಯಾವಾಗಲೂ ಒಂದು ಬಗೆಯ ಸಂಕಟ.

ನಗಾರಖಾನೆಗೆ ಅಂಥ ಕದನದ ನೆನಪಿಲ್ಲ. ಮಹಮದ್ ಆದಿಲಶಹನ ಸಮಾಧಿಯಾದ ಗೋಳಗುಮ್ಮಟವನ್ನು ನೋಡಲು ಬಂದವರಿಗೆ ಅದು ಎದುರಿಗೇ ಸಿಗುತ್ತದೆ. ಆದರೆ ಅಲ್ಲಿ ನಿಲ್ಲುವವರು ಕಡಿಮೆ. ಶಾಲೆಯ ಮಕ್ಕಳ ಸಾಲು ಅದರ ಪಕ್ಕದಿಂದಲೇ ಗುಮ್ಮಟದ ಕಡೆ ಓಡುತ್ತದೆ. ಅವರ ತಪ್ಪಿಲ್ಲ. 44 ಮೀಟರ್ ಹೊರವ್ಯಾಸದ ಗುಮ್ಮಟ ಕಣ್ಣೆದುರಿಗಿರುವಾಗ, ಪಿಸುಗುಟ್ಟಿದ ಮಾತೂ ಆಚೆ ಬದಿಗೆ ಕೇಳಿಸುವ ಗ್ಯಾಲರಿ ಮೇಲೆ ಕಾಯುತ್ತಿರುವಾಗ ಯಾವ ಮಗು ತಾನೇ ಬಾಗಿಲಲ್ಲಿ ನಿಂತೀತು? ನಾನು ನಿಂತದ್ದನ್ನು ಕಂಡು ಅಲ್ಲಿನ ಕಾವಲುಗಾರರಿಗೆ ಅನುಮಾನ ಬಂದಿರಬೇಕು.

"ಗುಮ್ಮಟ ಆ ಕಡೆ ಐತ್ರಿ. ಎಲ್ಲಾರೂ ಮೊದಲ ಅಲ್ಲಿ ಹೋಗಿ ಒದರಿ ಬರ್ತಾರ್ರಿ."

"ಇರಲಿ ಮಾರಾಯ್ರೆ, ಮೊದಲು ಇದನ್ನೇ ನೋಡ್ತೇನೆ."

"ಹಂಗಾರ ಸಾವಕಾಶ ನೋಡ್ರಿ. ಒಳಗ ತಂಪೂ ಐತಿ."

ತಂಪು ನಿಜವೇ. ದಪ್ಪ ಗೋಡೆ, ಎತ್ತರದ ಕಮಾನು, ಹೊರಗೆ ಸುಡುವ ಬಿಸಿಲು. ಕಣ್ಣು ಒಳಗಿನ ಬೆಳಕಿಗೆ ಹೊಂದಿಕೊಳ್ಳುವಷ್ಟರಲ್ಲಿ ಕಲ್ಲುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಹಸ್ತಪ್ರತಿಗಳು, ಆಯುಧಗಳು, ರತ್ನಗಂಬಳಿಗಳು, ಚೀನಾದ ಪಿಂಗಾಣಿ, ಕಪ್ಪು ಮೈಮೇಲೆ ಬೆಳ್ಳಿಯ ಎಳೆ ಕೂರಿಸಿದ ಬಿದರಿಯ ಪಾತ್ರೆಗಳು, ಎಲ್ಲವೂ ಅಲ್ಲಿವೆ. ಅವುಗಳನ್ನು ನೋಡಿದೆ, ಮೆಚ್ಚಿದೆ. ಆದರೆ ನಾನು ಹೊತ್ತು ಕಳೆದದ್ದು ಶಾಸನದ ಕಲ್ಲುಗಳ ಹತ್ತಿರ.

ಅಲ್ಲಿ ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಬರಹಗಳೆಲ್ಲ ಒಂದೇ ಸೂರಿನಡಿ ಇವೆ. ಕಣ್ಣಿಗೆ ಕಟ್ಟುವುದು ಕೆತ್ತನೆಯ ವ್ಯತ್ಯಾಸ. ಕನ್ನಡದ ಅಕ್ಷರವನ್ನು ಕಲ್ಲಿನ ಒಳಕ್ಕೆ ಕೊರೆದಿದ್ದಾರೆ. ಉಳಿಯ ಮೊನೆ ಇಳಿದಷ್ಟೇ ಅಕ್ಷರ. ಅದರೊಳಗೆ ನೆರಳು ನಿಂತಾಗ ಮಾತ್ರ ಓದಲು ಬರುತ್ತದೆ. ಆದಿಲಶಾಹಿ ಕಾಲದ ಪಾರಸಿ ಬರಹ ಹಾಗಲ್ಲ. ಅಲ್ಲಿ ಅಕ್ಷರವನ್ನು ಮುಟ್ಟದೆ ಉಳಿಸಿ, ಸುತ್ತಲಿನ ಕಲ್ಲನ್ನೆಲ್ಲ ಕೆತ್ತಿ ತೆಗೆದಿದ್ದಾರೆ. ಅಕ್ಷರ ಉಬ್ಬಿ ನಿಂತು ತಾನೇ ಬೆಳಕು ಹಿಡಿಯುತ್ತದೆ. ಒಂದಕ್ಕೆ ನೆರಳು ಬೇಕು, ಇನ್ನೊಂದಕ್ಕೆ ಬೆಳಕು. ಇದನ್ನು ಕಂಡ ಮೇಲೆ ಎರಡೂ ಬಗೆಯ ಕಲ್ಲುಕುಟಿಗರ ಕೈಗಳನ್ನು ಊಹಿಸದೆ ಇರಲಾಗಲಿಲ್ಲ. ಕನ್ನಡದ ಕುಟಿಗ ಒಂದು ಅಕ್ಷರ ಮುಗಿಸಿ ಮುಂದಿನದಕ್ಕೆ ಹೋಗಬಹುದು. ಪಾರಸಿಯ ಕುಟಿಗ ಇಡೀ ಸಾಲನ್ನು ಮೊದಲೇ ಮನಸ್ಸಿನಲ್ಲಿ ಕಂಡಿರಬೇಕು, ಎಲ್ಲಿ ಕೈಯಿಡಬಾರದೆಂದು ತಿಳಿದಿರಬೇಕು. ಯಾರ ಕೆಲಸ ಹೆಚ್ಚೆಂದು ಅಳೆಯುವ ಮನಸ್ಸು ನನಗಿಲ್ಲ. ಆದರೆ ದುಂಡಗಿನ ಹಳಗನ್ನಡದ ಅಕ್ಷರಗಳಲ್ಲಿ ಪರಿಚಯದ ಒಂದು 'ಗ', ಒಂದು 'ರ' ಸಿಕ್ಕಾಗ ಎದೆ ಉಬ್ಬಿದ್ದು ಸುಳ್ಳಲ್ಲ.

ಹಾದುಹೋಗುವುದಕ್ಕೆಂದು ಕಟ್ಟಿದ ಜಾಗದಲ್ಲಿ ಹೀಗೆ ನಿಂತು ನೋಡುವುದರಲ್ಲೊಂದು ಸುಖವಿದೆ. ಬಾಗಿಲನ್ನು ನಾವು ಎಂದೂ ಪೂರ್ತಿ ನೋಡಿರುವುದಿಲ್ಲ. ಒಳಗಿನ ಕೆಲಸವೋ ಹೊರಗಿನ ಕೆಲಸವೋ ನಮ್ಮನ್ನು ಎಳೆಯುತ್ತಿರುತ್ತದೆ. ಬಾಗಿಲೇ ವಸ್ತುಸಂಗ್ರಹಾಲಯವಾದಾಗ ಹೋಗಬೇಕಾದ ಜಾಗ ಬೇರೆ ಉಳಿಯುವುದಿಲ್ಲ. ಕಮಾನಿನ ಎರಡೂ ಬದಿಯ ಕಲ್ಲುಗಳು ತುದಿಯಲ್ಲಿ ಹೇಗೆ ಒಂದಕ್ಕೊಂದು ಭಾರ ಕೊಟ್ಟು ನಿಂತಿವೆ ಎಂದು ನೋಡಲು ಪುರುಸೊತ್ತು ಸಿಗುತ್ತದೆ.

ಬಾಗಿಲುಗಳು ಉಳಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಜರ್ಮನಿಯ ಲ್ಯೂಬೆಕ್ ಪಟ್ಟಣದ ಹೋಲ್‌ಸ್ಟೆನ್ ದ್ವಾರದ ಕಥೆ ಸಾಕು. ಹದಿನೈದನೆಯ ಶತಮಾನದಲ್ಲಿ ಕಟ್ಟಿದ ಅವಳಿ ಗೋಪುರದ ಊರಬಾಗಿಲು. ಜೌಗುನೆಲದಲ್ಲಿ ಕುಸಿದು ವಾಲಿತ್ತು. ಅದನ್ನು ಕೆಡವಬೇಕೆಂಬ ಕೂಗು ಎದ್ದಾಗ, 1863ರಲ್ಲಿ, ಉಳಿಸಿಕೊಳ್ಳೋಣ ಎಂಬ ತೀರ್ಮಾನವಾದದ್ದು ಒಂದೇ ಒಂದು ಮತದ ಅಂತರದಿಂದ. 1950ರಿಂದ ಅದೂ ವಸ್ತುಸಂಗ್ರಹಾಲಯ. ಆ ಒಂದು ಮತ ಹಾಕಿದವರಿಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ.

ನಮ್ಮ ಉಡುಪಿ ಜಿಲ್ಲೆಯಲ್ಲಿ ಅಂಥ ಊರಬಾಗಿಲು ಉಳಿದಿಲ್ಲ. ವಿಜಯನಗರದ ಕಾಲದಲ್ಲಿ ಒಂದು ರಾಜ್ಯಕ್ಕೇ ರಾಜಧಾನಿಯಾಗಿದ್ದ ಬಾರಕೂರಿನಲ್ಲಿ ಕೋಟೆಕೇರಿ ಇದೆ, ಮಣಿಗಾರಕೇರಿ ಇದೆ, ಮೂಡುಕೇರಿ ಇದೆ. ಕೋಟೆಯೊಳಗೆ ಹೋಗಲು ತೆರೆದು ನಿಂತ ಬಾಗಿಲಿಲ್ಲ. ನಮ್ಮಲ್ಲಿ ಉಳಿದದ್ದು ಮನೆಗಳ ಹೆಬ್ಬಾಗಿಲು. ಗುತ್ತಿನ ಮನೆಗಳ ಎದುರು ಪಡಿಪ್ಪಿರೆ, ಕುಂದಾಪುರದ ಕಡೆ ಹೆಬ್ಬಾಗಿಲು. ಹಲಸಿನ ಮರದ ದಾರಂದ, ಮೇಲೆ ಗಜಲಕ್ಷ್ಮಿ, ಎರಡೂ ಬದಿಗೆ ಜಗಲಿ, ಒಳಬದಿಯಲ್ಲಿ ಗೋಡೆಯ ಹೊಟ್ಟೆಯೊಳಕ್ಕೆ ಸರಿಯುವ ಮರದ ಅಗುಳಿ. ಅದರ ಎದುರು ಗದ್ದೆ, ಗದ್ದೆಯ ಅಂಚಿನಲ್ಲಿ ದನ ಬಾರದಂತೆ ತಡಮೆ.

ಈ ಬಾಗಿಲುಗಳೂ ಒಂದರ ಹಿಂದೊಂದು ಹೋದವು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿದಾರರಿಗೆ ಭೂಮಿ ಕೊಟ್ಟಿತು. ಕೊಡಬೇಕಾದದ್ದೇ. ಗೇಣಿಯ ಅಕ್ಕಿ ನಿಂತಿತು, ಕೂಡುಕುಟುಂಬಗಳು ಪಾಲಾದವು, ಅಷ್ಟು ದೊಡ್ಡ ಮಾಡಿಗೆ ಹೆಂಚು ಹೊದೆಸುವವರು ಇಲ್ಲವಾದರು. ತೊಲೆ, ಕಂಬ, ಮುಚ್ಚಿಗೆಗಳು ಮರದ ಬೆಲೆಗೆ ಮಾರಾಟವಾದವು. ಆ ಹೊತ್ತಿನಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು, ಬ್ಯಾಂಕಿನ ನೌಕರಿಯಲ್ಲಿದ್ದುಕೊಂಡು, ಮೊದಲು ಬಾಗಿಲು ಕಂಬಗಳನ್ನೂ ಆಮೇಲೆ ಇಡೀ ಮನೆಗಳನ್ನೂ ಉಳಿಸಲು ಹೊರಟರು. ಪ್ರತಿ ತುಂಡಿಗೂ ಗುರುತು ಹಾಕಿ ಬಿಚ್ಚಿ, ಲಾರಿಯಲ್ಲಿ ತಂದು, ಮತ್ತೆ ಜೋಡಿಸಿದರು. ಹಸ್ತಶಿಲ್ಪದ ಪಾರಂಪರಿಕ ಗ್ರಾಮ ಹುಟ್ಟಿದ್ದು ಹಾಗೆ. ಕಾಪುವಿನ ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳದ ಪಕ್ಕದ ಮಿಯಾರಿನ ಮನೆ, ಭಟ್ಕಳದ ನವಾಯತರ ಮನೆ, ಕುಕನೂರಿನ ಕಮಲ ಮಹಲು, ಎಲ್ಲವೂ ಮಣಿಪಾಲದ ಒಂದೇ ದಿಣ್ಣೆಯ ಮೇಲೆ ನೆರೆಹೊರೆಯಾಗಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು.

ಅಲ್ಲಿ ನಡೆಯುವಾಗ ನನಗೆ ಸಂತೋಷವೂ ವ್ಯಥೆಯೂ ಒಟ್ಟಿಗೇ ಆಗುತ್ತವೆ. ನಗಾರಖಾನೆಯಲ್ಲಿ ಬಾಗಿಲು ಇದ್ದಲ್ಲೇ ಇದೆ, ವಸ್ತುಗಳು ಅದನ್ನು ಹುಡುಕಿಕೊಂಡು ಬಂದಿವೆ. ಇಲ್ಲಿ ಬಾಗಿಲೇ ಊರು ಬಿಟ್ಟು ಬಂದಿದೆ. ಎದುರಿಗೆ ಬಾಕಿಮಾರು ಗದ್ದೆಯಿಲ್ಲ. ಬರುವ ನೆಂಟರನ್ನು ದೂರದಿಂದಲೇ ಕಂಡು "ಯಾರೋ ಬಂದ್ರು" ಎನ್ನುವ ಜಗಲಿಯಲ್ಲಿ ಕೂರುವವರಿಲ್ಲ. ಬಾಗಿಲಿಗೆ ಅದರ ದಾರಿಯೂ ಬೇಕು ಎಂದು ವಾದಿಸುವವರ ಜೊತೆ ನಾನು ಅರ್ಧ ದಾರಿ ಹೋಗುತ್ತೇನೆ. ಪೂರ್ತಿ ಹೋಗಲಾರೆ. ಅಗುಳಿ ಸವೆಸಿದ ಗೋಡೆಯ ತೂತಿನವರೆಗೆ ಜೋಪಾನವಾಗಿ ಕಾದ ಮನುಷ್ಯನಿಗೆ ಈ ಜಿಲ್ಲೆ ಸಾಲಗಾರನಾಗಿದೆ. ಅವರು ತಾರದಿದ್ದರೆ ಇವು ಯಾವುದೋ ರೆಸಾರ್ಟಿನ ಸ್ವಾಗತಕೋಣೆಯಲ್ಲಿ ಮೇಜಾಗುತ್ತಿದ್ದವು.

ಇದ್ದಲ್ಲೇ ಇರುವ ಬಾಗಿಲು ಬೇಕೆಂದರೆ ಕಾರ್ಕಳದ ಚಿಕ್ಕಬೆಟ್ಟ ಹತ್ತಬೇಕು. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಹಿಂಬಾಗಿಲೆಂಬುದೇ ಇಲ್ಲ. ಪ್ರತಿ ಬಾಗಿಲ ಒಳಗೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಸಾಲಾಗಿ ನಿಂತಿದ್ದಾರೆ. 108 ಕಂಬಗಳ ನಡುವೆ ಸುತ್ತುತ್ತ ಹೋದರೆ ಯಾವ ಬಾಗಿಲಿಂದ ಹೊರಟೆವೆಂದು ಮರೆಯುವಷ್ಟು ಹೋಲಿಕೆ. ಒಂದು ಕಡೆಯಿಂದ ಎದುರು ಬೆಟ್ಟದ ಗೊಮ್ಮಟ ಕಾಣುತ್ತಾನೆ, ಇನ್ನೊಂದು ಕಡೆ ಆನೆಕೆರೆಯ ನೀರು, ಮೂಡಣಕ್ಕೆ ಘಟ್ಟದ ಸಾಲು. ಗಾಳಿ ಯಾವ ದಿಕ್ಕಿಂದ ಬಂದರೂ ಒಂದು ಬಾಗಿಲು ಅದಕ್ಕೆ ಎದುರಾಗಿ ಸಿಗುತ್ತದೆ. ಮಧ್ಯಾಹ್ನ ಆ ಕಲ್ಲುಜಗಲಿಯಲ್ಲಿ ಕೂತವರಿಗೆ ಏಳುವ ಮನಸ್ಸಾಗುವುದಿಲ್ಲ.

ಹೀಗೆ ಕೂತಾಗ ನನಗೊಂದು ಆಸೆ ಬಲಿಯುತ್ತ ಬಂದಿದೆ. ನಮ್ಮ ತಾಲೂಕುಗಳಲ್ಲಿ ಇನ್ನೂ ಬೀಳದೆ ಉಳಿದ ಪಡಿಪ್ಪಿರೆಗಳಲ್ಲಿ ಒಂದನ್ನಾದರೂ, ಅದರ ಗದ್ದೆ, ಅದರ ದಾರಿಯ ಜೊತೆಗೇ, ಇದ್ದ ಜಾಗದಲ್ಲೇ ವಸ್ತುಸಂಗ್ರಹಾಲಯ ಮಾಡಬೇಕು. ದೊಡ್ಡ ಕೆಲಸವೇನಲ್ಲ. ಎರಡು ಜಗಲಿ, ಮೇಲೊಂದು ಅಟ್ಟ. ಭತ್ತ ಅಳೆಯುವ ಕಳಸಿಗೆ, ಹಾಳೆಯ ಮುಟ್ಟಾಳೆ, ಮಳೆಗಾಲದ ಗೊರಬು, ತಾಳೆಗರಿಯ ಲೆಕ್ಕ, ತಡಮೆಯ ಗಳುಗಳು ಅಲ್ಲಿರಲಿ. ಇವೆಲ್ಲ ಹೇಗಾದರೂ ಒಟ್ಟಾದಾವು. ಇವುಗಳಿಗಿಂತ ಮುಖ್ಯವಾದದ್ದು ಗೋಡೆಯ ಮೇಲಿನ ಬರಹ. ನಾನು ಇಷ್ಟಪಟ್ಟು ಬಾಗಿಲಲ್ಲಿ ನಿಲ್ಲುತ್ತೇನೆ. ಗೇಣಿ ಹೊತ್ತು ತಂದವರು, ಕೂಲಿಗೆ ಬಂದವರು ಹಾಗೆ ನಿಂತವರಲ್ಲ. ಎಷ್ಟೋ ಜಾತಿಗಳವರಿಗೆ ಈ ಪಡಿಪ್ಪಿರೆಯ ಹೊಸ್ತಿಲೇ ಕೊನೆಯ ಗಡಿ. ಕೊರಗರು ಅಷ್ಟು ಹತ್ತಿರಕ್ಕೂ ಬರುವಂತಿರಲಿಲ್ಲ. ಯಾರು ಒಳಗೆ ಹೋಗುತ್ತಿದ್ದರು, ಯಾರು ಜಗಲಿಯವರೆಗೆ, ಯಾರು ಅಂಗಳದ ಹೊರಗೆ, ಯಾರು ಗದ್ದೆಯ ಆಚೆಯಿಂದಲೇ ಕೂಗಿ ಹೇಳಬೇಕಿತ್ತು ಎನ್ನುವುದನ್ನು ಗಜಲಕ್ಷ್ಮಿಯ ಕೆತ್ತನೆಯಷ್ಟೇ ಸ್ಪಷ್ಟವಾಗಿ ಅಲ್ಲಿ ಬರೆದಿಡಬೇಕು. ಬರೆಯುವ ಕೆಲಸವನ್ನು ಹೊರಗೆ ನಿಂತವರ ಮೊಮ್ಮಕ್ಕಳಿಗೇ ವಹಿಸಬೇಕು. ಕಾಪು, ಕಾರ್ಕಳದ ಕಾಲೇಜುಗಳಲ್ಲಿ ಅವರು ಈಗ ಓದುತ್ತಿದ್ದಾರೆ, ಪಾಠವನ್ನೂ ಮಾಡುತ್ತಿದ್ದಾರೆ.